ಥೈರಾಯ್ಡ್ ಕುಗ್ಗಿದೆ, ಹೃದಯವೂ ದುರ್ಬಲ: ಮಾತ್ರೆ ಏರಿಸುವ ಬಗೆ

ಥೈರಾಯ್ಡ್ ಹಾರ್ಮೋನ್ ಸಾಲದಾದಾಗ ನಾಡಿ ನಿಧಾನವಾಗುತ್ತದೆ, ರಕ್ತನಾಳಗಳು ಬಿಗಿದು ಬಿಪಿಯ ಕೆಳಗಿನ ಅಂಕಿ ಏರುತ್ತದೆ. ಲಿವರ್ ರಕ್ತದಿಂದ ಎಲ್‌ಡಿಎಲ್ (ಕೆಟ್ಟ) ಕೊಲೆಸ್ಟ್ರಾಲ್ ಸೆಳೆದುಕೊಳ್ಳುವುದೂ ತಗ್ಗಿ ಅದು ರಕ್ತದಲ್ಲಿ ಏರುತ್ತದೆ. ಬಹುಕಾಲ ಹಾಗೇ ಬಿಟ್ಟರೆ ಹೃದಯದ ಸುತ್ತ ನೀರು ತುಂಬಬಹುದು. ಆದ್ದರಿಂದ ಕೊಲೆಸ್ಟ್ರಾಲ್ ಜಾಸ್ತಿ ಬಂದವರು ಅದನ್ನು ಇಳಿಸುವ ಸ್ಟ್ಯಾಟಿನ್ ಮಾತ್ರೆ ಶುರು ಮಾಡುವ ಮೊದಲು ರಕ್ತದಲ್ಲಿ ಟಿಎಸ್‌ಎಚ್ (ಥೈರಾಯ್ಡನ್ನು ಪ್ರಚೋದಿಸುವ ಹಾರ್ಮೋನ್; ಥೈರಾಯ್ಡ್ ಕುಗ್ಗಿದರೆ ಸಾಮಾನ್ಯವಾಗಿ ಇದು ಏರುತ್ತದೆ) ನೋಡಿಸಿಕೊಳ್ಳಿ. ಥೈರಾಯ್ಡ್ ಸರಿಯಾಗದೆ ಸ್ಟ್ಯಾಟಿನ್ ನುಂಗಿದರೆ ಸ್ನಾಯುನೋವಿನ ಅಪಾಯ ಹೆಚ್ಚು.

ಥೈರಾಯ್ಡ್ ಕೊರತೆಗೆ ಕೊಡುವ ಮಾತ್ರೆ ಲೆವೋಥೈರಾಕ್ಸಿನ್. ಎಡವಟ್ಟು ಆಗುವುದು ಅದರ ಮೊದಲ ಡೋಸ್‌ನಲ್ಲೇ. ಬೇರೆ ಕಾಯಿಲೆ ಇಲ್ಲದ ಯುವಕರಿಗೆ ದಿನಕ್ಕೆ ತೂಕದ ಪ್ರತಿ ಕಿಲೋಗೆ ಸುಮಾರು 1.6 ಮೈಕ್ರೋಗ್ರಾಂ ಲೆಕ್ಕ. 60 ಕಿಲೋ ಇದ್ದರೆ ಹೆಚ್ಚುಕಡಿಮೆ 100. ಹೃದ್ರೋಗ ಇರುವವರಿಗೆ, ವಯಸ್ಸಾದವರಿಗೆ ಈ ಲೆಕ್ಕ ಹೊಂದುವುದಿಲ್ಲ. ಹಾರ್ಮೋನ್ ಸಿಕ್ಕೊಡನೆ ಹೃದಯ ಜೋರಾಗಿ ಬಡಿದು ಹೆಚ್ಚು ಆಮ್ಲಜನಕ ಕೇಳುತ್ತದೆ. ಕಿರಿದಾದ ರಕ್ತನಾಳ ಅದನ್ನು ಒದಗಿಸಲಾರದು. ಎದೆನೋವು, ಲಯ ತಪ್ಪುವುದು, ಹೃದಯಾಘಾತ ಬರುವುದು ಇದರಿಂದಲೇ. ಇಂಥವರಿಗೆ ವೈದ್ಯರು ದಿನಕ್ಕೆ 12.5 ಅಥವಾ 25 ಮೈಕ್ರೋಗ್ರಾಂನಿಂದ ಶುರು ಮಾಡಿ, ಆರು ವಾರಕ್ಕೊಮ್ಮೆ ಅಷ್ಟಷ್ಟೇ ಏರಿಸುತ್ತಾರೆ. ಮೆಟ್ಟಿಲು ಹತ್ತುವಾಗ ಎದೆ ಬಿಗಿಯುತ್ತಿದ್ದುದು ಈಗ ನಿಂತುಹೋಗಿದ್ದರೂ ವೈದ್ಯರಿಗೆ ಮೊದಲೇ ಹೇಳಿ, ಇಸಿಜಿ ಮಾಡಿಸಿ.

ಆರು ವಾರ ಏಕೆ? ಲೆವೋಥೈರಾಕ್ಸಿನ್‌ನ ಅರ್ಧಾಯುಷ್ಯ, ಅಂದರೆ ದೇಹದಲ್ಲಿ ಅದು ಅರ್ಧಕ್ಕಿಳಿಯಲು ಬೇಕಾದ ಕಾಲ, ಸುಮಾರು ಏಳು ದಿನ. ರಕ್ತದಲ್ಲಿ ಅದರ ಮಟ್ಟ ನೆಲೆನಿಂತು ಟಿಎಸ್‌ಎಚ್ ಅದಕ್ಕೆ ಹೊಂದಿಕೊಳ್ಳಲು ಅಷ್ಟು ಸಮಯ ಬೇಕು. ಎರಡೇ ವಾರಕ್ಕೆ ಪರೀಕ್ಷಿಸಿ ಡೋಸ್ ಏರಿಸಿದರೆ ಮುಂದೆ ಅತಿಯಾಗಬಹುದು.

ಮಾತ್ರೆಯನ್ನು ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ನೀರಿನೊಂದಿಗೆ ನುಂಗಿ. ಫಿಲ್ಟರ್ ಕಾಫಿಗೆ, ತಿಂಡಿಗೆ ಒಂದು ಗಂಟೆ ಕಾಯಿರಿ. ಕಾಫಿಯೊಂದಿಗೇ ಸೇರಿದರೆ ಔಷಧ ಸರಿಯಾಗಿ ಹೀರಿಕೊಳ್ಳುವುದಿಲ್ಲ, ಟಿಎಸ್‌ಎಚ್ ಇಳಿಯುವುದಿಲ್ಲ, ಬೇಡದ ಡೋಸ್ ಏರುತ್ತದೆ. ಕ್ಯಾಲ್ಸಿಯಂ, ಕಬ್ಬಿಣದ ಮಾತ್ರೆಗೆ ನಾಲ್ಕು ಗಂಟೆ ಅಂತರವಿರಲಿ. ಒಂದು ದಿನ ಮರೆತರೆ ಮರುದಿನ ಎರಡು ನುಂಗಬೇಡಿ. ಕೂದಲಿಗೆಂದು ಬಯೋಟಿನ್ ಎಂಬ ವಿಟಮಿನ್ ತೆಗೆದುಕೊಳ್ಳುತ್ತಿದ್ದರೆ ಪರೀಕ್ಷೆಗೆ ಎರಡು ದಿನ ಮೊದಲು ನಿಲ್ಲಿಸಿ. ಕೆಲವು ಲ್ಯಾಬ್ ಯಂತ್ರಗಳಲ್ಲಿ ಅದು ಟಿಎಸ್‌ಎಚ್ ಅನ್ನು ತಪ್ಪಾಗಿ ಕಡಿಮೆ ತೋರಿಸುತ್ತದೆ.

ಡೋಸ್ ಏರಿದ ವಾರಗಳಲ್ಲಿ ಕುಳಿತು ವಿಶ್ರಮಿಸಿದ ಮೇಲೆ ನಾಡಿ ಎಣಿಸಿ, ಪೂರ್ತಿ ಒಂದು ನಿಮಿಷ. 100 ದಾಟಿದರೆ, ಬಡಿತ ಏರುಪೇರಾದರೆ ವೈದ್ಯರಿಗೆ ತಿಳಿಸಿ. ಟಿಎಸ್‌ಎಚ್ 0.1ಕ್ಕಿಂತ ಕೆಳಗಿಳಿದರೆ, ಅದರಲ್ಲೂ ವಯಸ್ಸಾದವರಲ್ಲಿ, ಏಟ್ರಿಯಲ್ ಫಿಬ್ರಿಲೇಷನ್ (ಹೃದಯದ ಮೇಲಿನ ಕೋಣೆಗಳು ಲಯ ತಪ್ಪಿ ಬಡಿಯುವುದು) ಬರುವ ಸಂಭವ ಹೆಚ್ಚು. ಎಪ್ಪತ್ತು ದಾಟಿದವರಲ್ಲಿ 4ರಿಂದ 6ರವರೆಗಿನ ಟಿಎಸ್‌ಎಚ್ ಸಾಕೆಂದು ಹಲವು ವೈದ್ಯರು ಬಿಡುತ್ತಾರೆ. ರಿಪೋರ್ಟ್‌ನಲ್ಲಿ ದಪ್ಪಕ್ಷರದಲ್ಲಿ ಬಂತೆಂದು ಡೋಸ್ ಏರಿಸಲು ಒತ್ತಾಯಿಸಬೇಡಿ.

ಎದೆನೋವು, ಮಲಗಿದಾಗ ಉಸಿರು ಕಟ್ಟುವುದು, ತಲೆಸುತ್ತಿ ಬೀಳುವುದು, ಮೈ ತಣ್ಣಗಾಗಿ ಮಂಪರು ಕವಿಯುವುದು ಕಂಡರೆ ಕಾಯದೆ 108ಕ್ಕೆ ಕರೆ ಮಾಡಿ. ಮಾತ್ರೆಯ ಬಾಟಲಿಯನ್ನು ಜೊತೆಗೆ ಒಯ್ಯಿರಿ. ಕೊನೆಯ ಸಲ ಡೋಸ್ ಬದಲಾದ ದಿನಾಂಕವನ್ನು ಅದರ ಮೇಲೆಯೇ ಬರೆದಿಟ್ಟಿರಿ.