ಮಂಡಿಯ ವೈ-ಫೈ ತೆವಳುತ್ತಿದೆಯಾ? ಮೊದಲು ಲಾಟ್ ಮಾಡಿ

ಕೋಲಾರದ ಎಪಿಎಂಸಿಯಲ್ಲಿ ನಮ್ಮ ಭಾವನವರ ಟೊಮೆಟೊ ಮಂಡಿ ಇದೆ. ಹರಾಜು ಶುರುವಾದರೆ ಬಿಲ್ಲಿಂಗ್ ಕಂಪ್ಯೂಟರ್‌ಗೆ ಬಿಡುವೇ ಇಲ್ಲ. 15 ಕೆ.ಜಿ. ಬಾಕ್ಸ್ ಲೆಕ್ಕದಲ್ಲಿ ಬಿಲ್ಲು ಆಗಬೇಕು, ರೈತರ ಖಾತೆಗೆ ದುಡ್ಡು ಹೋಗಬೇಕು. ಆದರೆ ಪ್ರತಿ ಸಲ ತಿಂಗಳ ಅರ್ಧ ಕಳೆದ ಮೇಲೆ ಇಂಟರ್‌ನೆಟ್ ತೆವಳುತ್ತಿತ್ತು. "ಟೆಂಪೋ ಹುಡುಗರು ರೀಲ್ಸ್ ನೋಡ್ತಾರೆ ಕಣಪ್ಪ, ಪಾಸ್‌ವರ್ಡ್ ಬದಲಾಯಿಸಿಬಿಡು" ಅಂದರು ಭಾವ. ಬದಲಾಯಿಸಿದೆ. ಏನೂ ಪ್ರಯೋಜನವಾಗಲಿಲ್ಲ.

ಯಾರು ಎಷ್ಟು ಎಳೆಯುತ್ತಿದ್ದಾರೆ ಅಂತ ನೋಡದೆ ಸುಮ್ನೆ ಬೈದರೆ ಹೀಗೇ. ಹಾಗಂತ ಇಪ್ಪತ್ತು-ಮೂವತ್ತು ಫೋನು, ಕ್ಯಾಮೆರಾಗಳನ್ನು ಒಂದೊಂದಾಗಿ ಕಾಯಲೂ ಆಗದು. ಮಂಡಿಯಲ್ಲಿ ಒಂದೊಂದು ಹಣ್ಣಿಗೆ ರೇಟ್ ಕೂಗುತ್ತಾರಾ? ಲಾಟ್ ಮಾಡಿ ತಾನೇ ಕೂಗುವುದು.

ಮೊದಲು ಪಟ್ಟಿ ಮಾಡಿ. ಬ್ರೌಸರ್‌ನಲ್ಲಿ 192.168.1.1 ಅಥವಾ 192.168.0.1 ಅಂತ ಒತ್ತಿದರೆ ಸಾಮಾನ್ಯವಾಗಿ ರೂಟರ್‌ನ ಪುಟ ತೆರೆಯುತ್ತದೆ. ವಿಳಾಸ, ಪಾಸ್‌ವರ್ಡ್ ಎರಡೂ ಹೆಚ್ಚಾಗಿ ರೂಟರ್‌ನ ಬೆನ್ನಿಗೆ ಅಂಟಿಸಿದ ಚೀಟಿಯಲ್ಲಿ ಇರುತ್ತವೆ. ಅಲ್ಲಿ ಕನೆಕ್ಟ್ ಆಗಿರುವ ಸಾಧನಗಳ ಪಟ್ಟಿ ಸಿಗುತ್ತದೆ. ಅರ್ಧಕ್ಕೆ ಹೆಸರೇ ಇರುವುದಿಲ್ಲ, ಬರೀ ಮ್ಯಾಕ್ ಅಡ್ರೆಸ್, ಅಂದರೆ ಆ ಸಾಧನದ 12 ಅಂಕಿ-ಅಕ್ಷರಗಳ ಗುರುತಿನ ಸಂಖ್ಯೆ ಇರುತ್ತದೆ. ಒಂದೊಂದನ್ನೇ ಆಫ್ ಮಾಡಿ, ಪಟ್ಟಿಯಿಂದ ಯಾವುದು ಮಾಯವಾಯಿತು ಅಂತ ನೋಡಿ ಹೆಸರು ಬರೆಯಿರಿ. ಬೇಜಾರಿನ ಕೆಲಸ, ಆದರೆ ಒಂದೇ ಸಲ.

ಫೋನ್‌ಗಳು ಇಲ್ಲಿ ಆಟ ಆಡಿಸುತ್ತವೆ. 2019ರ ಆಂಡ್ರಾಯ್ಡ್ 10, 2020ರ ಐಒಎಸ್ 14 ಬಂದ ಮೇಲೆ ಫೋನುಗಳು ನಿಜವಾದ ಮ್ಯಾಕ್ ಅಡ್ರೆಸ್ ಬಚ್ಚಿಟ್ಟು ಬೇರೆಯದನ್ನು ತೋರಿಸುತ್ತವೆ. ಮಂಡಿಯದೇ ಫೋನ್‌ಗಳಲ್ಲಿ, ಆ ವೈ-ಫೈಗೆ ಮಾತ್ರ, ಇದನ್ನು ಆಫ್ ಮಾಡಿ.

ಆಮೇಲೆ ಗುಂಪು. ಯಾರದು ಅಂತಲ್ಲ, ಯಾವ ಕೆಲಸಕ್ಕೆ ಅಂತ ನೋಡಿ ವಿಂಗಡಿಸಿ. ನಾವು ಮಾಡಿದ್ದು ನಾಲ್ಕು: ಬಿಲ್ಲಿಂಗ್, ಕ್ಯಾಮೆರಾ, ಮಂಡಿ ಹುಡುಗರು, ಬಂದುಹೋಗುವವರು. ರೂಟರ್ ಪ್ರತಿ ಸಾಧನಕ್ಕೂ 192.168.1.10 ಥರದ ಒಂದು ಐಪಿ ವಿಳಾಸ ಕೊಡುತ್ತದೆ. ಅದು ಬದಲಾಗದಂತೆ ಕಾಯ್ದಿರಿಸುವ ಅಡ್ರೆಸ್ ರಿಸರ್ವೇಶನ್‌ಗೆ ಹೋಗಿ ಬಿಲ್ಲಿಂಗ್ ಕಂಪ್ಯೂಟರ್, ಪ್ರಿಂಟರ್‌ಗಳಿಗೆ ಆ ವಿಳಾಸದ ಕೊನೆಯ ಅಂಕಿ 10ರಿಂದ 19, ಕ್ಯಾಮೆರಾಗಳಿಗೆ 20ರಿಂದ 29, ಹುಡುಗರಿಗೆ 50ರಿಂದ ಮೇಲೆ ಕೊಟ್ಟೆವು. ಈಗ ನಂಬರ್ ನೋಡಿದರೆ ಸಾಕು, ಯಾವ ಗುಂಪು ಅಂತ ತಿಳಿಯುತ್ತದೆ. ಬಂದುಹೋಗುವವರಿಗೆ ಗೆಸ್ಟ್ ನೆಟ್‌ವರ್ಕ್, ಅಂದರೆ ಅದೇ ರೂಟರ್‌ನಲ್ಲಿ ಬೇರೆ ಹೆಸರು, ಬೇರೆ ಪಾಸ್‌ವರ್ಡ್‌ನ ವೈ-ಫೈ. ಅದರಲ್ಲಿರುವವರಿಗೆ ಬಿಲ್ಲಿಂಗ್ ಕಂಪ್ಯೂಟರ್ ಕಾಣದಂತೆ ಸೆಟ್ಟಿಂಗ್ ಇದೆಯೇ ನೋಡಿಕೊಳ್ಳಿ.

ತಕ್ಷಣ ಯಾರಿಗೂ ಮಿತಿ ಹಾಕಬೇಡಿ. ಒಂದು ವಾರ ಸುಮ್ಮನೆ ನೋಡಿ. ಕನೆಕ್ಷನ್ ಜೊತೆ ಬರುವ ಎಷ್ಟೋ ರೂಟರ್‌ಗಳು ಸಾಧನವಾರು ಲೆಕ್ಕ ತೋರಿಸುವುದಿಲ್ಲ. ಹಾಗಿದ್ದರೆ ತೋರಿಸುವಂಥ ಒಂದನ್ನು ಅದರ ಹಿಂದೆ ಜೋಡಿಸಿ, ಎಲ್ಲವನ್ನೂ ಅದಕ್ಕೇ ಕನೆಕ್ಟ್ ಮಾಡಿ.

ನಮ್ಮಲ್ಲಿ ಸಿಕ್ಕ ಕಳ್ಳ ರೀಲ್ಸ್ ಅಲ್ಲ, ಕ್ಯಾಮೆರಾ! ಆರು ಕ್ಯಾಮೆರಾ, ಒಂದೊಂದೂ 4 ಎಂಬಿಪಿಎಸ್, ಅಂದರೆ ಸೆಕೆಂಡಿಗೆ 4 ಮೆಗಾಬಿಟ್. ಹಾಕಿಕೊಟ್ಟವರು ಹಗಲೂರಾತ್ರಿ ಕ್ಲೌಡ್‌ಗೆ ವಿಡಿಯೊ ಕಳಿಸುವಂತೆ ಬಿಟ್ಟು ಹೋಗಿದ್ದರು. ಎಂಟು ಬಿಟ್‌ಗೆ ಒಂದು ಬೈಟ್. ಆ ಲೆಕ್ಕದಲ್ಲಿ ಒಂದು ಕ್ಯಾಮೆರಾಗೆ ದಿನಕ್ಕೆ 43 ಜಿಬಿ, ಆರಕ್ಕೆ ಸುಮಾರು 259. ಪ್ಲಾನ್‌ನ ಮಿತಿ ತಿಂಗಳಿಗೆ 3300 ಜಿಬಿ. ಹದಿಮೂರನೇ ದಿನಕ್ಕೆ ಖಾಲಿ, ಆಮೇಲೆ ಕಂಪನಿಯೇ ಸ್ಪೀಡ್ ಇಳಿಸುತ್ತದೆ. ಅರ್ಧ ತಿಂಗಳ ಗುಟ್ಟು ಇದೇ ನೋಡಿ. ರೆಕಾರ್ಡಿಂಗನ್ನು ಮಂಡಿಯಲ್ಲೇ ಇಟ್ಟ ಎನ್‌ವಿಆರ್, ಅಂದರೆ ಕ್ಯಾಮೆರಾ ವಿಡಿಯೊ ಉಳಿಸಿಡುವ ಪೆಟ್ಟಿಗೆಗೆ ತಿರುಗಿಸಿದೆವು. ಅದು ಒಳಗೊಳಗೇ ಓಡುವ ಡೇಟಾ, ಇಂಟರ್‌ನೆಟ್ ಲೆಕ್ಕಕ್ಕೆ ಬರುವುದಿಲ್ಲ. ಯಾರಾದರೂ ಓಡಾಡಿದಾಗಿನ ತುಣುಕು ಮಾತ್ರ ಕ್ಲೌಡ್‌ಗೆ ಹೋಗುತ್ತದೆ.

ಕೊನೆಗೆ ಮಿತಿ. ಯಾರ ಡೇಟಾ ಮೊದಲು ಹೋಗಬೇಕು ಅಂತ ರೂಟರ್‌ಗೆ ಹೇಳುವ ಕ್ಯೂಒಎಸ್ ಅನ್ನುವ ಸೆಟ್ಟಿಂಗ್‌ನಲ್ಲಿ ಬಿಲ್ಲಿಂಗ್‌ಗೆ ಮೊದಲ ಸ್ಥಾನ. ಕ್ಯಾಮೆರಾಗಳ ಅಪ್‌ಲೋಡ್‌ಗೆ 5 ಎಂಬಿಪಿಎಸ್, ಗೆಸ್ಟ್‌ಗೂ ಅಷ್ಟೇ. ಒಟ್ಟು ಸ್ಪೀಡ್ ಕೇಳುವ ಕಡೆ ಪೂರ್ತಿ ಬರೆಯಬೇಡಿ. 50 ಇದ್ದರೆ 45 ಅನ್ನಿ. ಆಗ ಕ್ಯೂ ನಿಲ್ಲುವುದು ನಿಮ್ಮ ರೂಟರ್‌ನಲ್ಲಿ, ಯಾರನ್ನು ಮುಂದೆ ಬಿಡಬೇಕು ಅನ್ನುವುದು ನಿಮ್ಮ ಕೈಯಲ್ಲಿ. ಪೂರ್ತಿ ಬರೆದರೆ ಕ್ಯೂ ಕಂಪನಿಯ ಕಡೆ ನಿಲ್ಲುತ್ತದೆ, ಅಲ್ಲಿ ನಿಮ್ಮ ಮಾತು ನಡೆಯೋದಿಲ್ಲ.

ಟೆಂಪೋ ಹುಡುಗರ ಮೇಲೆ ಭಾವನಿಗೆ ಈಗ ಕೋಪ ಇಲ್ಲ. ಗೆಸ್ಟ್ ಪಾಸ್‌ವರ್ಡನ್ನು ರೇಟ್ ಬರೆಯುವ ಬೋರ್ಡಿನ ಮೂಲೆಯಲ್ಲೇ ಬರೆಸಿದ್ದಾರೆ, ವಾರಕ್ಕೊಮ್ಮೆ ಬದಲಾಯಿಸುತ್ತಾರೆ.