ಟ್ರಂಕಿನ ಬೆಳ್ಳಿ ಪದಕ: ಉಜ್ಜುವ ಮೊದಲು ಓದಿ

ಬೆಳಗಾವಿ ಸೀಮೆಯಲ್ಲಿ ದಂಡಿಗೆ ಹೋದವರ, ಸಂಸ್ಥಾನಗಳಲ್ಲಿ ಚಾಕರಿ ಮಾಡಿದವರ ಮನೆಗಳಿಗೆ ಬರವಿಲ್ಲ. ಮರಾಠಾ ಲೈಟ್ ಇನ್‌ಫೆಂಟ್ರಿಯ ಕೇಂದ್ರ ಊರಲ್ಲೇ ಇದೆ. ರಾಮದುರ್ಗ, ಮುಧೋಳ, ಜಮಖಂಡಿ ದೂರವಲ್ಲ. ಹೀಗಾಗಿ ಹಳೆಯ ಟ್ರಂಕಿನ ತಳದಲ್ಲಿ ರಾಜನ ಮುಖದ ಬೆಳ್ಳಿ ಪದಕ ಸಿಕ್ಕರೆ ಅಚ್ಚರಿಪಡಬೇಕಿಲ್ಲ. ಸಿಕ್ಕೊಡನೆ ಕೈ ವಿಭೂತಿಯತ್ತಲೋ ಹುಣಸೆಹಣ್ಣಿನತ್ತಲೋ ಹೋಗುತ್ತದೆ. 1911ರ ದಿಲ್ಲಿ ದರ್ಬಾರಿನ ಪದಕವೊಂದನ್ನು ನಾನೂ ಹಾಗೆಯೇ ತಿಕ್ಕಿ, ಐದನೇ ಜಾರ್ಜ್‌ನ ಗಡ್ಡ ಬೋಳಿಸಿದ್ದೇನೆ. ಕಪ್ಪು ಪದರ ಕೊಳೆಯಲ್ಲ, ಗಾಳಿಯ ಗಂಧಕ ಬೆಳ್ಳಿಗೆ ಕಟ್ಟಿದ ಹೊದಿಕೆ. ಹಾಗೆಯೇ ಬಿಡಿ.

ಮೊದಲು ಗುರುತು ಹಿಡಿಯಿರಿ. ದರ್ಬಾರಿನ ಪದಕದಲ್ಲಿ ರಾಜ, ರಾಣಿ ಇಬ್ಬರ ಮುಖವಿದ್ದು, ಹಿಂಬದಿಯ ಬರಹ ಪರ್ಷಿಯನ್ ಲಿಪಿಯಲ್ಲಿದೆ. ಅಡ್ಡಳತೆ ಸುಮಾರು 38 ಮಿಲಿಮೀಟರ್. ಐದನೇ ಜಾರ್ಜ್‌ನ ಆಳ್ವಿಕೆಯ 1935ರ ರಜತ ಮಹೋತ್ಸವ ಮತ್ತು ಆರನೇ ಜಾರ್ಜ್‌ನ 1937ರ ಪಟ್ಟಾಭಿಷೇಕದ ಪದಕಗಳು 32 ಮಿಲಿಮೀಟರ್. 1947ರ ಸ್ವಾತಂತ್ರ್ಯ ಪದಕವನ್ನೂ ಬೆಳ್ಳಿಯೆಂದು ಮಾರುವವರಿದ್ದಾರೆ, ಅದು ತಾಮ್ರ-ನಿಕ್ಕಲ್ ಮಿಶ್ರಲೋಹ.

ಬೆಳ್ಳಿಯೇ ಎಂದು ತಿಳಿಯಲು ಒರೆಗಲ್ಲಿಗೆ ತಿಕ್ಕಿಸಬೇಡಿ. ಗ್ರಾಮಿನ ನೂರನೇ ಭಾಗ ತೋರಿಸುವ ತಕ್ಕಡಿಯಲ್ಲಿ ಪದಕ ತೂಗಿ. ನಂತರ ನೀರಿನ ಲೋಟವನ್ನು ತಕ್ಕಡಿಯ ಮೇಲಿಟ್ಟು ಸೊನ್ನೆಗೆ ತಂದು, ಪದಕವನ್ನು ದಾರದಲ್ಲಿ ತಳ ಮುಟ್ಟದಂತೆ ಪೂರ್ತಿ ಮುಳುಗಿಸಿ. ಮೊದಲ ತೂಕವನ್ನು ಈಗಿನ ಅಂಕಿಯಿಂದ ಭಾಗಿಸಿ. ತೂಕ 30 ಗ್ರಾಂ ಇದ್ದು ನೀರಿನಲ್ಲಿ 2.9 ತೋರಿಸಿದರೆ ಉತ್ತರ 10.3, ಬೆಳ್ಳಿ ಇರಬಹುದು. 9ಕ್ಕಿಂತ ಕೆಳಗಿಳಿದರೆ ಹೆಸರಲ್ಲಷ್ಟೇ ಬೆಳ್ಳಿಯಿರುವ ಜರ್ಮನ್ ಸಿಲ್ವರ್ (ತಾಮ್ರ, ನಿಕ್ಕಲ್, ಸತುವಿನ ಮಿಶ್ರಲೋಹ) ಅಥವಾ ಅದರ ಬಳಗ. ನೆನೆದದ್ದನ್ನು ಮೆತ್ತನೆಯ ಬಟ್ಟೆಯಿಂದ ಒತ್ತಿ ಒಣಗಿಸಿ, ಒರೆಸಬೇಡಿ.

ಮುಖಕ್ಕಿಂತ ಅಂಚನ್ನು ಹೆಚ್ಚು ಹೊತ್ತು ನೋಡಬೇಕು. ಸುತ್ತ ಗೆರೆಯಿದ್ದರೆ, ಅಕ್ಷರಗಳ ಬುಡದಲ್ಲಿ ಸಣ್ಣ ಗುಳಿಗಳಿದ್ದರೆ ಎರಕದ ನಕಲು. ಮೊದಲ ಮಹಾಯುದ್ಧದ ಬ್ರಿಟಿಷ್ ಬೆಳ್ಳಿ ಪದಕದ ಅಂಚಿನಲ್ಲಿ ಸೈನಿಕನ ಹೆಸರು ಇರುತ್ತದೆ. ದರ್ಬಾರು, ಪಟ್ಟಾಭಿಷೇಕದ ಪದಕಗಳನ್ನು ಹೆಸರಿಲ್ಲದೆ ಕೊಟ್ಟರು. ಅವುಗಳ ಮೇಲೆ ಹೆಸರಿದ್ದರೆ ಪಡೆದವರೇ ಕೆತ್ತಿಸಿರಬಹುದು, ಮಾರುವವನ ಕೈಚಳಕವೂ ಇರಬಹುದು. ಸರಕ್ಕೆ ಪೋಣಿಸಲು ಬೆಸೆದ ಕೊಂಡಿ ಬೆಲೆ ತಗ್ಗಿಸುತ್ತದೆ. ನನಗಂತೂ ಅಂಥದ್ದೇ ಇಷ್ಟ, ಯಾರೋ ತೊಟ್ಟು ಓಡಾಡಿದ್ದು.

1924ರ ಬೆಳಗಾವಿ ಕಾಂಗ್ರೆಸ್ ಅಧಿವೇಶನದ ಪದಕ ಎಂದರೆ ಮಾತ್ರ ಜೇಬು ಬಿಗಿಹಿಡಿಯಿರಿ. ಗಾಂಧೀಜಿ ಅಧ್ಯಕ್ಷರಾಗಿದ್ದ ಏಕೈಕ ಅಧಿವೇಶನವದು, ಆ ಹೆಸರಿಗೇ ದರ ಏರುತ್ತದೆ.

ಮಳೆಗಾಲದ ತೇವ, ರಬ್ಬರ್ ಬ್ಯಾಂಡ್, ಪಿವಿಸಿ ಚೀಲ ಮೂರೂ ಬೆಳ್ಳಿಗೆ ಆಗಿಬರುವುದಿಲ್ಲ. ಪಾಲಿಯೆಸ್ಟರ್ ಹಾಳೆಯ ಲಕೋಟೆ, ಜೊತೆಗೆ ತೇವ ಹೀರುವ ಸಿಲಿಕಾ ಜೆಲ್ ಸಾಕು. ನೂರು ವರ್ಷ ದಾಟಿದ್ದು 1972ರ ಪ್ರಾಚ್ಯವಸ್ತು ಕಾಯ್ದೆಯಡಿ ಬರುವುದರಿಂದ ವಿದೇಶದ ನೆಂಟರಿಗೆ ಕಳುಹಿಸಬೇಡಿ. ಕೊಂಡ ದಿನ, ತೂಕ, ದರದ ಜೊತೆ ಮಾರಿದವರು ಹೇಳಿದ ಕಥೆಯನ್ನೂ ಚೀಟಿಯಲ್ಲಿ ಬರೆದಿಡಿ. ಅದರ ಪಕ್ಕದಲ್ಲಿ ‘ಕೇಳಿದ್ದು’ ಎಂಬ ಗುರುತು ಇರಲಿ.