ಡಿಹ್ಯೂಮಿಡಿಫೈಯರ್‌ಗೆ ಎಕ್ಸ್‌ಟೆನ್ಶನ್ ಬೋರ್ಡ್ ಬೇಡ

ಆಷಾಢದ ಮಳೆ ಹಿಡಿದರೆ ಕರಾವಳಿಯಲ್ಲಿ ಬೀರುವಿನೊಳಗಿನ ರೇಷ್ಮೆ ಸೀರೆಗೂ ಬೂಷ್ಟು ಬರುತ್ತದೆ. ಅದಕ್ಕೆಂದು ಡಿಹ್ಯೂಮಿಡಿಫೈಯರ್ (ಕೋಣೆಯ ಗಾಳಿಯ ತೇವ ತೆಗೆಯುವ ಯಂತ್ರ) ತಂದವರು ಹಲವರು ಅದನ್ನು ಮೊಬೈಲ್ ಚಾರ್ಜರಿನಂತೆ ಸಿಕ್ಕಲ್ಲಿ ಸಿಕ್ಕಿಸಿಬಿಡುತ್ತಾರೆ. ಒಳಗಿರುವುದು ಫ್ರಿಜ್ಜಿನಂಥದೇ ಕಂಪ್ರೆಸರ್, ಗಂಟೆಗಟ್ಟಲೆ ಓಡುತ್ತದೆ.

ಮೊದಲು ಜಾಗ. ಸಮತಟ್ಟು ನೆಲ, ಗೋಡೆ-ಪರದೆಗಳಿಂದ ಒಂದಡಿ ದೂರ. ಸಾಗಿಸುವಾಗ ಅಡ್ಡ ಮಲಗಿಸಿದ್ದರೆ ಒಂದು ದಿನ ನೆಟ್ಟಗೆ ನಿಲ್ಲಿಸಿ, ಆಮೇಲೆ ಚಾಲೂ ಮಾಡಿ.

ಎರಡನೆಯದು ಪ್ಲಗ್. ಎಡವುವುದು ಇಲ್ಲೇ. ಮೂರು ಪಿನ್ನಿನ ಪ್ಲಗ್ಗನ್ನು ನೇರ ಗೋಡೆಯ ಸಾಕೆಟ್ಟಿಗೇ ಹಾಕಿ. ಎರಡು ಪಿನ್ನಿನ ಅಡಾಪ್ಟರ್ ಹಾಕಿದರೆ ಅರ್ಥಿಂಗ್ ಹೋಯಿತೆಂದೇ ಲೆಕ್ಕ. ಫುಟ್‌ಪಾತಿನಲ್ಲಿ ಸಿಗುವ ಅಗ್ಗದ ಎಕ್ಸ್‌ಟೆನ್ಶನ್ ಬೋರ್ಡುಗಳ ತಂತಿ ದಾರದಷ್ಟು ತೆಳು, ಅವನ್ನು ಮನೆಯೊಳಗೇ ತರಬೇಡಿ. ಉಪ್ಪುಗಾಳಿಗೆ ಸಾಕೆಟ್ಟಿನ ಹಿತ್ತಾಳೆ ಪಟ್ಟಿಗೆ ಕಿಲುಬು ಹಿಡಿದು ಹಿಡಿತ ಸಡಿಲವಾಗುತ್ತದೆ. ಆ ಸಡಿಲ ಜಾಗ ಕಾಯುತ್ತದೆ, ಪ್ಲಾಸ್ಟಿಕ್ ಕರಗುತ್ತದೆ. ಕರೆಂಟು ಮಿತಿ ಮೀರಿರುವುದಿಲ್ಲವಾದ್ದರಿಂದ ಎಂಸಿಬಿ (ಕರೆಂಟು ಮಿತಿ ಮೀರಿದರೆ ತಾನೇ ಆರುವ ಸ್ವಿಚ್) ಬೀಳುವುದೇ ಇಲ್ಲ! ಪರೀಕ್ಷೆ ಸುಲಭ: ಅರ್ಧ ಗಂಟೆ ಓಡಿಸಿ, ಸ್ವಿಚ್ ಆರಿಸಿ, ಪ್ಲಗ್ಗಿನ ಪ್ಲಾಸ್ಟಿಕ್ ಭಾಗ ಮುಟ್ಟಿ ನೋಡಿ. ತುಸು ಬೆಚ್ಚಗಿದ್ದರೆ ಸರಿ. ಕೈ ಇಡಲಾಗದಷ್ಟು ಬಿಸಿಯಾಗಿದ್ದರೆ, ಪಿನ್ನಿನ ಬುಡ ಕಂದಾಗಿದ್ದರೆ ಅಥವಾ ಒಣಮೀನಿನಂಥ ವಾಸನೆ ಬಂದರೆ (ಸುಡುವ ಪ್ಲಾಸ್ಟಿಕ್ಕಿನದು ಹಾಗೆಯೇ ಇರುತ್ತದೆ) ಎಲೆಕ್ಟ್ರಿಷಿಯನ್‌ಗೆ ಹೇಳಿ ಸಾಕೆಟ್ಟನ್ನೇ ಬದಲಿಸಿ. ಟೇಪು ಸುತ್ತುವುದು ರಿಪೇರಿಯಲ್ಲ.

ತೇವಾಂಶ ಶೇಕಡಾ 55ಕ್ಕೆ ಇಡಿ. 40ಕ್ಕೆ ಇಟ್ಟರೆ ಮಳೆಗಾಲದಲ್ಲಿ ಯಂತ್ರಕ್ಕೆ ಬಿಡುವೇ ಸಿಗದು. ಒದ್ದೆ ಬಟ್ಟೆಯನ್ನು ಕೋಣೆಯಲ್ಲಿ ಹಗ್ಗ ಕಟ್ಟಿ ಒಣಗಿಸಿ, ಯಂತ್ರದ ಮೇಲೆ ಹರಡಬೇಡಿ. ಎರಡು ವಾರಕ್ಕೊಮ್ಮೆ ಫಿಲ್ಟರ್ ತೊಳೆದು ಪೂರ್ತಿ ಒಣಗಿಸಿ ಹಾಕಿ. ಮನೆ ಬೀಗ ಹಾಕಿ ಹೊರಟಾಗ, ರಾತ್ರಿ ಮಲಗುವಾಗ ಆರಿಸಿ. ಟ್ಯಾಂಕ್ ತುಂಬಿದರೆ ತಾನೇ ನಿಲ್ಲುತ್ತದೆ ಎಂಬ ಭರವಸೆ ಬೆಂಕಿಯ ವಿಷಯಕ್ಕೆ ನಡೆಯದು.

ಯಂತ್ರದಲ್ಲೇ ದೋಷವಿದ್ದರೆ ಈ ಜಾಗ್ರತೆಯೂ ಸಾಲದು. ಅಮೆರಿಕದಲ್ಲಿ ಬೆಂಕಿಯ ಅಪಾಯದ ಕಾರಣಕ್ಕೆ 2013ರಲ್ಲಿ ಗ್ರೀ ಕಂಪನಿ ತಯಾರಿಸಿದ, 2021ರಲ್ಲಿ ನ್ಯೂ ವೈಡ್‌ಟೆಕ್ ತಯಾರಿಸಿದ ಲಕ್ಷಗಟ್ಟಲೆ ಡಿಹ್ಯೂಮಿಡಿಫೈಯರುಗಳನ್ನು ವಾಪಸು ಕರೆಸಲಾಯಿತು. ಎರಡೂ ಹಲವು ಬೇರೆ ಬೇರೆ ಬ್ರಾಂಡಿನ ಹೆಸರಲ್ಲಿ ಮಾರಾಟವಾಗಿದ್ದವು. ವಿದೇಶದ ನೆಂಟರು ಹಳೆಯದನ್ನು ಕೊಟ್ಟಿದ್ದರೆ ಹಿಂಬದಿಯ ಚೀಟಿಯಲ್ಲಿ ಮಾಡೆಲ್ ಸಂಖ್ಯೆ ನೋಡಿ, ವಾಪಸಾತಿ ಪಟ್ಟಿಯಲ್ಲಿ ಹುಡುಕಿ. ಅಮೆರಿಕದ ಯಂತ್ರ 110-120 ವೋಲ್ಟಿನದು, ನಮ್ಮ 230ಕ್ಕೆ ನೇರ ಹಾಕಲೇಬಾರದು.

ಹೊಗೆ ಕಂಡರೆ ನೀರು ಎರಚಬೇಡಿ. ಮೇನ್ ಸ್ವಿಚ್ ಕೈಗೆ ಸಿಗುವಂತಿದ್ದರೆ ಆರಿಸಿ, ಎಲ್ಲರನ್ನೂ ಹೊರಗೆ ಕರೆದೊಯ್ದು 112ಕ್ಕೆ ಫೋನ್ ಮಾಡಿ.